ಹದಿನಾಲ್ಕರ ಪಕ್ಕ ಮೂರು

ಬೆಳಕು ಹರಿಯುವ ಮುಂಚೆ ಅವಳು ಮಾಡಿ ಮುಗಿಸುವ ಕೆಲಸಗಳು ಇವು. ನಾಲ್ಕೂವರೆಗೆ ಅಲಾರಂ ಎರಡನೇ ಸಲ ಕಿರುಚುವುದರೊಳಗೆ ಅದರ ನೆತ್ತಿ ಅದುಮಿ ಬಾಯಿ ಮುಚ್ಚಿಸುವುದು. ಗಂಡನ ನಿದ್ದೆ ಕೆಡಬಾರದು. ನಾಲ್ಕೂಮುಕ್ಕಾಲಿಗೆ ನಲ್ಲಿಯಲ್ಲಿ ನೀರು ಬರುತ್ತದೆ, ಅದು ನಿಲ್ಲುವುದರೊಳಗೆ ಎರಡು ಡ್ರಮ್ಮು, ಆರು ಬಕೆಟ್ಟು ತುಂಬಿಸುವುದು. ಗಂಡ ನೀರಿನ ಕಚೇರಿಯಲ್ಲೇ ಗುಮಾಸ್ತ. ಯಾವ ಬೀದಿಗೆ ಎಷ್ಟು ಹೊತ್ತಿಗೆ ನೀರು ಬಿಡುತ್ತಾರೆ ಎಂಬುದು ಅವನಿಗೆ ಬಾಯಿಪಾಠ. ಬಿಟ್ಟ ನೀರು ಬಕೆಟ್ಟಿನೊಳಕ್ಕೆ ಹೇಗೆ ಬಂದು ಕೂರುತ್ತದೆ ಎಂಬ ಬಗ್ಗೆ ಅವನಿನ್ನೂ ವಿಚಾರ ಮಾಡಿಲ್ಲ. ಆಮೇಲೆ ರಾತ್ರಿಯ ಪಾತ್ರೆ. ಅಕ್ಕಿ ತೊಳೆಯುವುದು, ತರಕಾರಿ ಹೆಚ್ಚುವುದು, ಮೂರು ಡಬ್ಬಿ ತುಂಬುವುದು. ತಳ ಹಿಡಿದದ್ದು ತನ್ನ ಡಬ್ಬಿಗೆ. ಅತ್ತೆಯ ಮೊಣಕಾಲಿಗೆ ಬಿಸಿನೀರಿನ ಚೀಲ. ಗಂಡನ ಅಂಗಿಗೆ ಇಸ್ತ್ರಿ. ಇಪ್ಪತ್ತು ದಾಟಿದ ಮಗನ ಒಂದು ಕಾಲುಚೀಲ, ಅದರ ಜೊತೆಯದನ್ನು ಹುಡುಕಲು ಮಂಚದ ಕೆಳಗೊಂದು ಸಾಷ್ಟಾಂಗ. ಆರೂವರೆಗೆ ಚಹಾ ಇಟ್ಟು, ಅದು ಉಕ್ಕುವುದರೊಳಗೆ ಮನೆಯನ್ನು ಎಬ್ಬಿಸುವುದು.

"ನಮ್ಮ ಮನೇಲಿ ಎಲ್ಲಾ ತಾನಾಗೇ ನಡ್ಕೊಂಡು ಹೋಗುತ್ತೆ," ಎಂದು ಗಂಡ ಬಂದವರ ಮುಂದೆ ಹೇಳುವುದಿತ್ತು.

ಜೀವವಿಲ್ಲದ ವಸ್ತುವಿಗೆ ಕೈಕಾಲು ಬರಿಸಿ ಮಾತಾಡುವುದಕ್ಕೆ ಇಂಗ್ಲಿಷಿನಲ್ಲಿ ಪರ್ಸಾನಿಫಿಕೇಶನ್ ಎನ್ನುತ್ತಾರೆ. ಅದು ಅವಳಿಗೆ ಗೊತ್ತಿತ್ತು. ಎಂಟನೇ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಅದು ಹೇಗೆ ಗೊತ್ತಿತ್ತು ಎಂದರೆ, ಅವಳ ಕೆಲಸವೇ ಅಂಥದ್ದು.

ಅವಳು ಒಂದು ಬೈಂಡಿಂಗ್ ಅಂಗಡಿಯಲ್ಲಿ ಹಾಳೆ ಮಡಚುತ್ತಿದ್ದಳು. ಅಚ್ಚಿನ ಮನೆಯಿಂದ ಚಾಪೆಯಷ್ಟಗಲದ ಹಾಳೆಗಳು ಬರುತ್ತವೆ. ಒಂದು ಹಾಳೆಯ ಒಂದು ಮಗ್ಗುಲಿಗೆ ಎಂಟು ಪುಟ, ಇನ್ನೊಂದು ಮಗ್ಗುಲಿಗೆ ಎಂಟು. ಒಟ್ಟು ಹದಿನಾರು ಪುಟದ ಈ ಹಾಳೆಗೆ ಫಾರಂ ಎನ್ನುತ್ತಾರೆ. ಮೂರು ಮಡಿಕೆ, ಪ್ರತಿ ಮಡಿಕೆಗೂ ಮರದ ಪಟ್ಟಿಯಿಂದ ಒಂದು ಎಳೆತ, ಪಕ್ಕದ ರಾಶಿಗೆ ಒಂದು ಎಸೆತ. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ, ಉದ್ದನೆಯ ಮೇಜಿನ ಮುಂದೆ, ನಿಂತೇ. ಹನ್ನೊಂದು ವರ್ಷದಿಂದ ಹೀಗೆ ನಿಂತವಳನ್ನು ಅಂಗಡಿಯಲ್ಲಿ ಎಲ್ಲರೂ ಫಾರಂ ಅಕ್ಕ ಎಂದೇ ಕರೆಯುತ್ತಿದ್ದರು.

ಮಡಚಿದ ಮೇಲೆ ಪುಟಗಳು ಒಂದು, ಎರಡು, ಮೂರು ಎಂದು ಒಳ್ಳೆಯ ಮಕ್ಕಳಂತೆ ಸಾಲಾಗಿ ನಿಲ್ಲುತ್ತವೆ. ಬಿಚ್ಚಿಟ್ಟ ಹಾಳೆಯಲ್ಲಿ ಮಾತ್ರ ಅವು ಸಭೆಯ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳು. ಯಾರ ಜೋಡಿ ಯಾರ ಪಕ್ಕವೋ. ಎರಡರ ಪಕ್ಕ ಹದಿನೈದು. ಹದಿನಾಲ್ಕರ ಪಕ್ಕ ಮೂರು. ಅರ್ಧ ಪುಟಗಳಿಗೆ ತಲೆ ಕೆಳಗೆ, ಕಾಲು ಮೇಲೆ. ಮಡಚಿಯಾದ ಫಾರಂ ಅಂಚು ಕತ್ತರಿಸುವ ತನಕ ಬಾಯಿ ಬಿಗಿದುಕೊಂಡೇ ಇರುತ್ತದೆ, ಅದನ್ನು ಕತ್ತರಿಸುವವನು ಹಿಂದಿನ ಕೋಣೆಯ ಯಂತ್ರದವನು. ಅಲ್ಲಿಂದ ಪುಸ್ತಕ ನೇರ ಗಾಡಿಗೆ. ಹೀಗಾಗಿ ಲಕ್ಷಗಟ್ಟಲೆ ಪುಸ್ತಕ ಕೈಮೇಲೆ ದಾಟಿಸಿದವಳು ಒಂದನ್ನೂ ಪುಟ ತಿರುವಿ ಓದಿರಲಿಲ್ಲ. ಓದಿದ್ದೆಲ್ಲ ಬಿಚ್ಚಿದ ಹಾಳೆಯ ಮೇಲೆ, ಎಡದಿಂದ ಬಲಕ್ಕೆ, ಕೈ ತನ್ನ ಪಾಡಿಗೆ ಎಳೆಯುತ್ತ ಎಸೆಯುತ್ತ ಇರುವಾಗ.

ವರ್ಷಕ್ಕೊಮ್ಮೆ ಪರೀಕ್ಷೆಯ ಗೈಡಿನ ಜೊತೆ ಪುಕ್ಕಟೆ ಕೊಡಲು ಒಂದು ಕಿರುಪುಸ್ತಕ ಬರುತ್ತಿತ್ತು. ಇಂಗ್ಲಿಷ್ ಮಾತಿನ ಅಲಂಕಾರಗಳ ಬಗ್ಗೆ, ನಿವೃತ್ತ ಮೇಷ್ಟ್ರೊಬ್ಬರು ಬರೆದದ್ದು, ಸರಿಯಾಗಿ ಹದಿನಾರು ಪುಟ, ಒಂದೇ ಫಾರಂ. ಎಡಪುಟದಲ್ಲಿ ಅಲಂಕಾರದ ಇಂಗ್ಲಿಷ್ ಹೆಸರು, ಕನ್ನಡದಲ್ಲಿ ವಿವರಣೆ. ಎದುರಿನ ಬಲಪುಟದಲ್ಲಿ ಉದಾಹರಣೆಗಳು, ಇಂಗ್ಲಿಷಿನಲ್ಲೂ ಕನ್ನಡದಲ್ಲೂ. ಮೇಷ್ಟ್ರು ಅಚ್ಚುಕಟ್ಟಿನ ಮನುಷ್ಯ. ಆದರೆ ತಮ್ಮ ಪುಸ್ತಕವನ್ನು ಬಿಚ್ಚಿದ ಹಾಳೆಯಲ್ಲಿ ಓದುವ ಓದುಗರೂ ಇರುತ್ತಾರೆಂದು ಅವರಿಗೆ ಹೊಳೆದಿರಲಿಲ್ಲ.

ಹದಿನಾಲ್ಕನೇ ಪುಟದಲ್ಲಿ ಯೂಫೆಮಿಸಂ ಇತ್ತು: ಹೇಳಲು ಮುಜುಗರವಾಗುವ ಕಹಿ ಸಂಗತಿಯನ್ನು ಸಿಹಿಮಾತಿನಲ್ಲಿ ಸುತ್ತಿ ಹೇಳುವುದು. ಹಾಳೆಯಲ್ಲಿ ಅದರ ಪಕ್ಕಕ್ಕಿದ್ದದ್ದು ಮೂರನೇ ಪುಟ, ಅಂದರೆ ಮೆಟಾಫರ್‌ನ ಉದಾಹರಣೆಗಳು. ತಾಯಿ ಮನೆಯ ಕಂಬ. ಹೆಂಡತಿ ಮನೆಯ ದೀಪ. ಅವಳ ಕೈಗಳು ಯಂತ್ರ.

ಇವು ಯೂಫೆಮಿಸಂನ ಉದಾಹರಣೆಗಳು ಎಂಬುದರಲ್ಲಿ ಓದಿದವಳಿಗೆ ಒಂದು ಚೂರೂ ಅನುಮಾನ ಬರಲಿಲ್ಲ. ಕಹಿ ಸಂಗತಿ, ಸಿಹಿ ಹೊದಿಕೆ. ಇನ್ನೇನು ಮತ್ತೆ?

ಎರಡನೇ ಪುಟದಲ್ಲಿ ಮೆಟಾಫರ್: ಒಂದನ್ನು ಇನ್ನೊಂದು ಎಂದೇ ಹೇಳಿಬಿಡುವುದು, 'ಹಾಗೆ', 'ತರಹ' ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ, ಅದಿದ್ದರೆ ಸಿಮಿಲಿ. ಪಕ್ಕದ ಹದಿನೈದನೇ ಪುಟದಲ್ಲಿ ಯೂಫೆಮಿಸಂನ ಉದಾಹರಣೆ: ಅವನು ಸದ್ಯ ಉದ್ಯೋಗದ ಹುಡುಕಾಟದಲ್ಲಿದ್ದಾನೆ. ಅವಳ ಮಗನೂ ಎರಡು ವರ್ಷದಿಂದ ಹುಡುಕಾಟದಲ್ಲಿದ್ದ, ಹೊದಿಕೆಯೊಳಗೆ, ಒಂಬತ್ತು ಗಂಟೆಯವರೆಗೆ. ಒಂದನ್ನು ಇನ್ನೊಂದು ಎಂದೇ ಹೇಳಿಬಿಡುವುದು. ಇದೂ ಸರಿಹೋಯಿತು.

ಇಡೀ ಹಾಳೆಯಲ್ಲಿ ನಟ್ಟನಡುವಿನ ಎಂಟು, ಒಂಬತ್ತನೇ ಪುಟಗಳು ಮಾತ್ರ ಬಿಚ್ಚಿದಾಗಲೂ ಅಕ್ಕಪಕ್ಕದಲ್ಲೇ ಇರುತ್ತವೆ. ಅಲ್ಲಿದ್ದದ್ದು ಐರನಿ: ಬಾಯಲ್ಲಿ ಹೇಳುವುದು ಒಂದು, ಅರ್ಥ ಅದರ ತದ್ವಿರುದ್ಧ. ಹೀಗಾಗಿ ಹನ್ನೊಂದು ವರ್ಷದಲ್ಲಿ ಅವಳು ಉದಾಹರಣೆ ಸಮೇತ ಸರಿಯಾಗಿ ಕಲಿತ ಅಲಂಕಾರವೆಂದರೆ ಅದೊಂದೇ.

ಕಲಿತದ್ದನ್ನು ಪಕ್ಕದಲ್ಲಿ ನೆಲಕ್ಕೆ ಕೂತು ದಾರ ಹಾಕುವ ಹೊಲಿಗೆಯವಳಿಗೂ ಹಂಚುತ್ತಿದ್ದಳು.

"ನಿಮ್ಮ ಮನೆಯವರು ನಿನ್ನೆ ಏನಂದ್ರು?" ಎಂದು ಒಂದು ದಿನ ಅವಳನ್ನು ಕೇಳಿದಳು.

"'ನೀನು ಮಹಾರಾಣಿ ಕಣೇ' ಅಂದ್ರು."

"ಎಲ್ಲಿ ಅಂದ್ರು?"

"ಬಚ್ಚಲಲ್ಲಿ. ನಾನು ಅವರ ಪ್ಯಾಂಟು ಉಜ್ತಾ ಇದ್ದೆ."

"ಯೂಫೆಮಿಸಂ," ಎಂದಳು ಫಾರಂ ಅಕ್ಕ, ಪಟ್ಟಿ ಎಳೆದು.

ಹೊಲಿಗೆಯವಳು ಸೂಜಿ ಬಾಯಲ್ಲಿಟ್ಟುಕೊಂಡೇ ನಕ್ಕಳು. "ರೋಗದ ಹೆಸರಿದ್ದ ಹಾಗಿದೆ ಅಕ್ಕ."

"ರೋಗವೇ. ಗಂಡಸರಿಗೆ ಬರೋದು, ಹೆಂಗಸರು ನರಳೋದು."

ಇಷ್ಟರಲ್ಲಿ ಅಂಗಡಿಯ ತಪಾಸಣೆಯವನು ಕಣ್ಣು ಮಂಜಾಗಿ ಕೆಲಸ ಬಿಟ್ಟ. ಅಂಗಡಿಯಲ್ಲಿ ಯಜಮಾನರದ್ದು ಬಿಟ್ಟರೆ ಇದ್ದ ಒಂದೇ ಕುರ್ಚಿ ಅವನದು. ರಾತ್ರಿ ಅಚ್ಚಾಗಿ ಬಂದ ಹಾಳೆಗಳನ್ನು ಮಡಚುವ ಮುಂಚೆ ನೋಡಿ, ತಪ್ಪಿದ್ದರೆ ಹಿಡಿಯುವುದು ಅವನ ಕೆಲಸ. ಬೆಳಿಗ್ಗೆ ಆರೂವರೆಯಿಂದ ಮಧ್ಯಾಹ್ನ ಎರಡೂವರೆ. ಫಾರಂ ಅಕ್ಕನ ಪಾದ ಸಂಜೆಯ ಹೊತ್ತಿಗೆ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಆ ಕುರ್ಚಿಯ ಮೇಲೆ ಅವಳ ಕಣ್ಣು ವರ್ಷಗಳಿಂದ ಇತ್ತು. ಎರಡು ದಿನ ಅದರ ಸುತ್ತಮುತ್ತ ಕಸ ಗುಡಿಸಿ, ಮೂರನೇ ದಿನ ಯಜಮಾನರ ಮುಂದೆ ಹೋಗಿ ನಿಂತಳು.

"ಸಾರ್, ಆ ಕೆಲಸ ನಾನು ಮಾಡ್ತೀನಿ."

ಯಜಮಾನರು ಕೆಟ್ಟವರಲ್ಲ. ಹಾಗಂತ ಅವರೇ ಆಗಾಗ ಹೇಳುತ್ತಿದ್ದರು. "ಅದು ಓದಿ ಅರ್ಥ ಮಾಡ್ಕೊಳ್ಳೋ ಕೆಲಸ ಕಣಮ್ಮ. ಇಂಗ್ಲಿಷ್ ಬೇರೆ ಇರುತ್ತೆ."

"ಅಲಂಕಾರದ ಪುಸ್ತಕ ಪೂರ್ತಿ ಬರುತ್ತೆ ನಂಗೆ."

"ಓಹೋ. ಶನಿವಾರ ಮೇಷ್ಟ್ರೇ ಬರ್ತಾರೆ, ಹೊಸ ಅಚ್ಚು ನೋಡೋಕೆ. ಅವರು ಕೇಳ್ತಾರೆ, ನೀನು ಹೇಳು. ಅವರು ಹೂಂ ಅಂದ್ರೆ ಕುರ್ಚಿ ನಿಂದು." ಯಜಮಾನರಿಗೆ ಶನಿವಾರಕ್ಕೊಂದು ತಮಾಷೆ ಸಿಕ್ಕಿತ್ತು.

ಶನಿವಾರ ಮೇಷ್ಟ್ರು ಬಂದರು. ಸಣ್ಣ ಆಳು, ದೊಡ್ಡ ಕನ್ನಡಕ, ಜೇಬಿನಲ್ಲಿ ಮೂರು ಬಣ್ಣದ ಪೆನ್ನು. ಹೊಸ ಆವೃತ್ತಿಯ ಹಾಳೆಗಳು ಅಂದೇ ಬೆಳಿಗ್ಗೆ ಬಂದು ಮೂಲೆಯಲ್ಲಿ ಸೊಂಟದೆತ್ತರ ನಿಂತಿದ್ದವು. ಕತ್ತರಿಸುವವನೂ ಯಂತ್ರ ನಿಲ್ಲಿಸಿ ಬಂದು ಬಾಗಿಲಿಗೆ ಒರಗಿದ. ಹೊಲಿಗೆಯವಳು ದಾರ ಕಚ್ಚಿಕೊಂಡು ಕೂತಳು.

"'ಮದರ್ ಈಸ್ ದಿ ಪಿಲ್ಲರ್ ಆಫ್ ದಿ ಹೌಸ್.' ತಾಯಿ ಮನೆಯ ಕಂಬ. ಇದು ಯಾವ ಅಲಂಕಾರ ತಾಯಿ?" ಎಂದು ಮೇಷ್ಟ್ರು ಸುಲಭದ್ದನ್ನೇ ಕೇಳಿದರು.

"ಯೂಫೆಮಿಸಂ, ಸಾರ್."

ಯಜಮಾನರು ಮೊದಲು ನಕ್ಕರು. ಅವರು ನಕ್ಕಿದ್ದು ನೋಡಿ ಕತ್ತರಿಸುವವನೂ ನಕ್ಕ, ಅವನಿಗೆ ಮೆಟಾಫರ್, ಯೂಫೆಮಿಸಂ ಎರಡರಲ್ಲಿ ಒಂದೂ ಗೊತ್ತಿರಲಿಲ್ಲ. ಮೇಷ್ಟ್ರು ನಗಲಿಲ್ಲ. ನಲವತ್ತು ವರ್ಷ ತಪ್ಪು ಉತ್ತರ ಕೇಳಿದವರು, ಇಷ್ಟು ಧೈರ್ಯದ್ದನ್ನು ಕೇಳಿರಲಿಲ್ಲ.

"ಹೇಗಮ್ಮ?"

"ಕಹಿ ವಿಷಯನ ಸಿಹಿಯಾಗಿ ಹೇಳೋದಲ್ವಾ ಸಾರ್?"

"ಹೌದು. ಇದರಲ್ಲಿ ಕಹಿ ಏನಿದೆ?"

"ಕಂಬ ಕೂತಿದ್ದನ್ನ ನೀವು ಯಾವತ್ತಾದ್ರೂ ನೋಡಿದ್ದೀರಾ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಒರೆಸುವಂಥದ್ದೇನೂ ಅದರ ಮೇಲಿರಲಿಲ್ಲ. "ಮಾತು ಚೆನ್ನಾಗಿದೆ. ಆದರೆ ತಾಯಿ, ಅದು ಮೆಟಾಫರ್. ಪುಸ್ತಕದಲ್ಲಿ ನಾನೇ ಬರೆದಿದ್ದೀನಿ."

"ಪುಸ್ತಕದಲ್ಲಿ ಯೂಫೆಮಿಸಂ ಪಕ್ಕದಲ್ಲೇ ಇದೆ ಸಾರ್, ಹನ್ನೊಂದು ವರ್ಷದಿಂದ ನೋಡ್ತಿದ್ದೀನಿ. ಹದಿನಾಲ್ಕರ ಪಕ್ಕ ಮೂರು. ತೋರಿಸ್ಲಾ?"

ಕುರ್ಚಿ ಕೈತಪ್ಪಿತೆಂದು ಅವಳಿಗೆ ಗೊತ್ತಾಗಿತ್ತು, ಆದರೂ ಸುಳ್ಳುಗಾತಿ ಎನ್ನಿಸಿಕೊಂಡು ಹೋಗಲು ಮನಸ್ಸಿರಲಿಲ್ಲ. ಹೊಸ ರಾಶಿಯ ಮೇಲಿನ ಹಾಳೆಯನ್ನು ಎಳೆದು ಮೇಜಿನ ಮೇಲೆ ಹರಡಿದಳು. ಬೆರಳು ಹದಿನಾಲ್ಕರ ಮೇಲೆ ಹೋಯಿತು, ಪಕ್ಕಕ್ಕೆ ಸರಿಯಿತು, ಅಲ್ಲೇ ನಿಂತಿತು.

"ಇದ್ಯಾಕೆ ಹೀಗಿದೆ?"

"ಏನಾಯ್ತು?" ಎಂದರು ಯಜಮಾನರು, ನಗು ಇನ್ನೂ ಮುಗಿಯದೆ.

"ಹದಿನಾಲ್ಕರ ಪಕ್ಕ ಐದು ಬಂದಿದೆ." ಹಾಳೆಯನ್ನು ಮಗುಚಿದಳು. "ಹನ್ನೆರಡರ ಪಕ್ಕ ಮೂರು. ಇವೆರಡು ಜಾಗ ಬದಲಾಯಿಸಿಕೊಂಡಿವೆ ಸಾರ್. ಮಡಚಿದ್ರೆ ಎರಡಾದ ಮೇಲೆ ಐದು ಬರುತ್ತೆ, ನಾಲ್ಕಾದ ಮೇಲೆ ಮೂರು."

ಯಜಮಾನರು ಬಂದು ಹಾಳೆಯ ಮೇಲೆ ಬಗ್ಗಿದರು. ಅವರಿಗೆ ಕಂಡದ್ದು ಹದಿನಾರು ಪುಟ, ಅರ್ಧ ತಲೆಕೆಳಗು, ಎಂದಿನಂತೆ. ಮೇಷ್ಟ್ರಿಗೆ ಕಂಡದ್ದು ತಮ್ಮದೇ ಸಾಲುಗಳು. ಕೊನೆಗೆ ಯಜಮಾನರು, "ಒಂದು ಮಡಚು," ಎಂದರು. ಅವಳು ಮಡಚಿದಳು. ಕತ್ತರಿಸುವವನು ಓಡಿಹೋಗಿ ಅಂಚು ಕತ್ತರಿಸಿ ತಂದ. ಎರಡಾದ ಮೇಲೆ ಐದು. ನಾಲ್ಕಾದ ಮೇಲೆ ಮೂರು.

ಅಂಥ ಹಾಳೆ ಮೂಲೆಯಲ್ಲಿ ಐದು ಸಾವಿರ ಇದ್ದವು, ಮಡಚಲು ಕಾದುಕೊಂಡು.

"ಸರಿಯಾಗಿ ಓದಿದವರು ಯಾರೂ ಇದನ್ನ ಹಿಡೀತಿರ್ಲಿಲ್ಲ," ಎಂದರು ಮೇಷ್ಟ್ರು ನಿಧಾನವಾಗಿ. ಹನ್ನೊಂದು ವರ್ಷ ಅವಳು ಏನನ್ನು ಓದಿದ್ದಳು, ಹೇಗೆ ಓದಿದ್ದಳು ಎಂಬುದು ಅವರಿಗೆ ಈಗ ಹೊಳೆದಿತ್ತು. "ತಾಯಿ, ನೀವು ಕಲಿತದ್ದು ಎಲ್ಲಾ ತಪ್ಪು. ಕುರ್ಚಿ ಕೊಡಿ ಯಜಮಾನ್ರೇ."

ಯಜಮಾನರು ಕುರ್ಚಿಯ ಜೊತೆಗೆ, ಮನಸ್ಸು ದೊಡ್ಡದು ಮಾಡಿ, ಹಳೆಯ ಆವೃತ್ತಿಯ ಒಂದು ಪ್ರತಿಯನ್ನೂ ಕೊಟ್ಟರು. "ಸೋಮವಾರ ಆರೂವರೆ. ಒಂದು ನಿಮಿಷ ಆಚೆ ಈಚೆ ಆಗ್ಬಾರ್ದು. ಆಗಲ್ಲ ಅಂದ್ರೆ ಈಗ್ಲೇ ಹೇಳು, ಬೇರೆಯವರನ್ನ ನೋಡ್ತೀನಿ."

"ಆಗುತ್ತೆ ಸಾರ್," ಎಂದಳು. ನಡಿಗೆ ಇಪ್ಪತ್ತೈದು ನಿಮಿಷ. ಮನೆ ಬಿಡಬೇಕಾದದ್ದು ಆರಕ್ಕೆ. ಬಾಯಿ ಹೂಂ ಅಂದ ಮೇಲೆ ತಲೆ ಲೆಕ್ಕ ಹಾಕಿತು.

ಆ ಸಂಜೆ ವಿಷಯ ಹೇಳಿದಾಗ ಗಂಡ ಚಪ್ಪಲಿ ಬಿಡುತ್ತಿದ್ದವನು ಒಂದು ಕಾಲಲ್ಲೇ ನಿಂತ.

"ಆರಕ್ಕೆ ಹೋದ್ರೆ ಚಹಾ?"

ಗಂಡನ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ಬೀಳ್ಕೊಡುಗೆ ಭಾಷಣಕ್ಕೆ ಅವನ ಕಚೇರಿಯಲ್ಲಿ ಅವನನ್ನು ಬಿಟ್ಟರಿಲ್ಲ. ನಿವೃತ್ತರಾದ ಇಪ್ಪತ್ತೆರಡು ಜನರನ್ನು ಅವನು 'ಈ ಕಚೇರಿಯ ಕಂಬ' ಎಂದು ಹೊಗಳಿ, ಮಾತಿನಲ್ಲೇ ಅಳಿಸಿ ಮನೆಗೆ ಕಳಿಸಿದ್ದ. ಹೊಡೆಯುವವನಲ್ಲ, ಬೈಯುವವನೂ ಅಲ್ಲ. ಬೈಗುಳ ಹತ್ತಿಯಷ್ಟು ಹಗುರ, ಹೊಗಳಿಕೆಯೇ ಭಾರ ಎಂಬುದು ಅವನ ಹೆಂಡತಿಗೆ ಮಾತ್ರ ಗೊತ್ತಿತ್ತು. ಈಗವನು ಎರಡೂ ಕಾಲೂರಿ, ಗಂಟಲು ಸರಿಮಾಡಿಕೊಂಡ.

"ನೋಡು, ನಿನ್ನ ಸಂತೋಷಕ್ಕೆ ನಾನು ಅಡ್ಡ ಬರೋನಲ್ಲ. ಆದ್ರೆ ಈ ಮನೆಗೆ ನೀನು ಕಂಬ. ಕಂಬ ಬೆಳಿಗ್ಗೆ ಎದ್ದು ಹೊರಟುಹೋದ್ರೆ ಚಾವಣಿ ಏನಾಗ್ಬೇಕು?"

"ನಿಮ್ಮ ಆಫೀಸಲ್ಲಿ ಇಪ್ಪತ್ತೆರಡು ಕಂಬ ಕಿತ್ತು ಕಳಿಸಿದ್ದೀರಲ್ಲ. ಬಿತ್ತಾ?"

"ಅದು ಭಾಷಣ ಕಣೇ."

"ಇದು?"

ಮೂಲೆಯಲ್ಲಿ ಮೊಣಕಾಲು ನೀವಿಕೊಳ್ಳುತ್ತಿದ್ದ ಅತ್ತೆ ಬಾಯಿ ಹಾಕಿದರು. "ಏನೇ, ಗಂಡಸು ಒಲೆ ಮುಂದೆ ನಿಂತ್ರೆ ಮನೆ ಉಳಿಯುತ್ತೇನೇ?"

"ಉಳಿಯುತ್ತೆ ಅತ್ತೆ."

ಉತ್ತರ ಬೇಕಿಲ್ಲದ ಪ್ರಶ್ನೆಗೆ ಉತ್ತರ ಕೊಟ್ಟದ್ದರಿಂದ ಅತ್ತೆ ಕಕ್ಕಾಬಿಕ್ಕಿಯಾದರು. ಮಗ ಕೋಣೆಯಿಂದ ತಲೆ ಹೊರಹಾಕಿ, "ಅಮ್ಮ, ನನ್ನ ಡಬ್ಬಿ?" ಎಂದು ಕೇಳಿದ. ಉದ್ಯೋಗ ಹುಡುಕುವವರಿಗೂ ಡಬ್ಬಿ ಬೇಕಾಗುತ್ತದೆ.

"ನೀವು ನನ್ನ 'ಕಂಬದ ಹಾಗೆ' ಅಂದಿದ್ರೆ ಚೆನ್ನಾಗಿತ್ತು," ಎಂದಳು ಅವಳು ಗಂಡನಿಗೆ. "'ಹಾಗೆ' ಅಂದ್ರೆ ಸ್ವಲ್ಪ ಅಲ್ಲಾಡೋಕೆ ಜಾಗ ಇರುತ್ತೆ. ಕಂಬ ಅಂದ್ಮೇಲೆ ಮುಗೀತು."

"ಇದನ್ನೆಲ್ಲಾ ಎಲ್ಲಿ ಕಲಿತೆ?"

ಅವಳು ಪುಸ್ತಕ ತೋರಿಸಿದಳು. ಗಂಡ ಅದನ್ನು ತಿರುವಿ, ಎರಡು ಮೂರನೇ ಪುಟದಲ್ಲಿ ಕಂಬವನ್ನು ಕಂಡು ಅರಳಿದ. "ನೋಡು, ಮೆಟಾಫರ್. ದೊಡ್ಡ ಕವಿಗಳು ಬಳಸೋದು. ನಾನು ನಿನಗೆ ಮರ್ಯಾದೆ ಕೊಡ್ತಿದ್ದೀನಿ, ನಿನಗೇ ಗೊತ್ತಾಗ್ತಿಲ್ಲ."

ಅವಳೂ ಬಗ್ಗಿ ನೋಡಿದಳು. ಪುಟಗಳು ಸಾಲಾಗಿದ್ದವು. ಎಡಕ್ಕೆ ಮೆಟಾಫರ್, ಬಲಕ್ಕೆ ಕಂಬ, ದೀಪ, ಯಂತ್ರ. ಮೇಷ್ಟ್ರು ಹೇಳಿದ್ದು ನಿಜ. ಪುಸ್ತಕ ಸರಿಯಾಗಿ ಮಡಚಿದರೆ ಎಲ್ಲವೂ ಎಷ್ಟು ಮರ್ಯಾದಸ್ಥವಾಗಿ ಕಾಣುತ್ತದೆ ಎಂದುಕೊಂಡಳು.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಗಂಡ ದಾರಿ ಕಂಡುಹಿಡಿದಿದ್ದ. ಕುಣಿಯುತ್ತಲೇ ಅಡುಗೆಮನೆಗೆ ಬಂದ. ಅಲ್ಲಿಗೆ ಅವನು ಬರುವುದೇ ಅಪರೂಪ, ಆದ್ದರಿಂದ ಬಾಗಿಲಿನ ಕೆಳಪಟ್ಟಿಗೆ ಎಡವಿದ.

"ಇಷ್ಟೇ ವಿಷಯ. ನಾಲ್ಕೂವರೆ ಬದಲು ಮೂರೂವರೆಗೆ ಎದ್ದರಾಯ್ತು. ಒಂದೇ ಒಂದು ಗಂಟೆ. ಎಲ್ಲಾ ಮುಗಿಸಿ, ಚಹಾ ಫ್ಲಾಸ್ಕಲ್ಲಿ ಹಾಕಿಟ್ಟು ಹೋಗು. ಯಾರಿಗೂ ತೊಂದರೆ ಇಲ್ಲ."

"ಯಾರಿಗೂ?"

"ನಾನೇನೂ ಬಲವಂತ ಮಾಡಲ್ಲ. ನಿನ್ನಿಷ್ಟ."

ಈ ಮನೆಯಲ್ಲಿ 'ನಿನ್ನಿಷ್ಟ' ಎಂಬ ಮಾತಿಗೆ ಇಪ್ಪತ್ತಮೂರು ವರ್ಷದ ಚರಿತ್ರೆಯಿತ್ತು. ಹೊಲಿಗೆ ಕಲಿಯಲು ಹೋಗಲಾ ಎಂದಾಗ ನಿನ್ನಿಷ್ಟ, ಅವಳು ಹೋಗಲಿಲ್ಲ. ಅಕ್ಕನ ಮನೆಯಲ್ಲಿ ನಾಲ್ಕು ದಿನ ಇದ್ದು ಬರಲಾ ಎಂದಾಗ ನಿನ್ನಿಷ್ಟ. ಎರಡನೇ ದಿನಕ್ಕೇ ವಾಪಸು ಬಂದಿದ್ದಳು. ಎಂಟನೇ ಪುಟ, ಒಂಬತ್ತನೇ ಪುಟ, ಐರನಿ. ಹಾಳೆ ಬಿಚ್ಚಿದರೂ ಮಡಚಿದರೂ ಅಕ್ಕಪಕ್ಕ.

ಸಂಜೆ ಗಂಡ ಕಚೇರಿಯ ಸಂಘದ ಸಭೆಗೆ ಹೊರಟ. ಮುಂದಿನ ವಾರ ಇಪ್ಪತ್ತಮೂರನೇ ಕಂಬ ಕಳಚುವುದಿತ್ತು. ಹೊರಡುವ ಮುಂಚೆ ಮಂಚದ ಬಳಿ ಹೋಗಿ, ಕೀಲಿ ಕೊಡುವ ಹಳೆಯ ಗಡಿಯಾರ ಎತ್ತಿಕೊಂಡು, ಅಲಾರಂ ಮುಳ್ಳನ್ನು ತಾನೇ ಕೈಯಾರೆ ಮೂರೂವರೆಗೆ ತಿರುಗಿಸಿಟ್ಟ. "ನೋಡು, ನಾನೇ ಇಟ್ಟಿದ್ದೀನಿ," ಎಂದ. ಮದುವೆಯಾದ ಮೇಲೆ ಮನೆಗೆಲಸದಲ್ಲಿ ಅವನು ಹೆಂಡತಿಗೆ ಮಾಡಿದ ಮೊದಲ ಸಹಾಯ ಅದು.

ಮಗ ಹೊರಗಿದ್ದ. ಅತ್ತೆಗೆ ಬಿಸಿನೀರಿನ ಚೀಲ ಕೊಡಲು ಹೋದಾಗ ಅವರು ಗೋಡೆಯ ಕಡೆ ಮುಖ ಮಾಡಿಯೇ ಮಾತಾಡಿದರು. "ನಿಮ್ಮ ಮಾವನೂ ನನ್ನನ್ನ ಕಂಬ ಅಂತಿದ್ರು."

"ಆಮೇಲೆ?"

"ಆಮೇಲೆ ಏನು, ಈ ಮೊಣಕಾಲು. ಚೀಲ ಇನ್ನೂ ಸ್ವಲ್ಪ ಬಿಸಿ ಇರ್ಬೇಕಿತ್ತು ಕಣೇ." ಅಷ್ಟೇ ಹೇಳಿ ಹೊದ್ದುಕೊಂಡರು. ಸೊಸೆಯ ಪಕ್ಷ ವಹಿಸುವಷ್ಟು ಅವರು ಕೆಟ್ಟುಹೋಗಿರಲಿಲ್ಲ.

ಅವಳು ಮಂಚದ ಅಂಚಿಗೆ ಬಂದು ಕೂತಳು. ಕೂತದ್ದು ಗಮನಕ್ಕೆ ಬಂದು, ಇನ್ನೂ ಸ್ವಲ್ಪ ಹೊತ್ತು ಕೂತೇ ಇದ್ದಳು. ಪಾದಗಳು ಬನ್ನಿನ ಹಾಗೆ ಊದಿದ್ದವು. ಹಾಗೆ, ಸಿಮಿಲಿ. ಗಡಿಯಾರ ಅವಳ ದಿಂಬಿನ ಪಕ್ಕದ ಸ್ಟೂಲಿನ ಮೇಲೆ ಮೂರೂವರೆಗೆ ಗುರಿಯಿಟ್ಟು ಟಿಕ್ ಟಿಕ್ ಎನ್ನುತ್ತಿತ್ತು. ಏಳಬಹುದಿತ್ತು. ಎದ್ದು, ಎಲ್ಲ ಮುಗಿಸಿ, ಚಹಾ ಫ್ಲಾಸ್ಕಿಗೆ ಹಾಕಿ, ಆರಕ್ಕೆ ಹೊರಟರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಹೊಗಳುತ್ತಿದ್ದರು ಕೂಡ. ಅವಳ ಕೈಗಳು ಯಂತ್ರ ಎನ್ನುತ್ತಿದ್ದರು, ಯಂತ್ರಕ್ಕೆ ಎಣ್ಣೆಯನ್ನಾದರೂ ಬಿಡುತ್ತಾರೆ ಎಂಬುದು ಯಾರಿಗೂ ನೆನಪಾಗುತ್ತಿರಲಿಲ್ಲ. ಕುರ್ಚಿಯನ್ನು ಬಿಟ್ಟುಕೊಟ್ಟರೂ ನಡೆಯುತ್ತಿತ್ತು. ಅದಕ್ಕಂತೂ ಗಂಡ ಒಂದು ಭಾಷಣವನ್ನೇ ಮಾಡುತ್ತಿದ್ದ.

ನಿನ್ನಿಷ್ಟ, ಅಂದಿದ್ದನಲ್ಲ. ಒಂದು ಸಲವಾದರೂ ಆ ಮಾತನ್ನು ಅಲಂಕಾರವಿಲ್ಲದೆ ಕೇಳಿಸಿಕೊಂಡರೆ ಹೇಗೆ ಎಂದು ಅವಳಿಗೆ ಅನ್ನಿಸಿತು. ಇದ್ದದ್ದು ಇದ್ದ ಹಾಗೆ, ಎರಡು ಪದ, ಅದರ ಅರ್ಥ ಅದೇ.

ಐದೂವರೆಗೆ ಎಚ್ಚರವಾಗಲು ಅವಳಿಗೆ ಗಡಿಯಾರ ಬೇಕಿರಲಿಲ್ಲ. ಎದ್ದು, ಮುಖ ತೊಳೆದು, ತನ್ನೊಂದು ಡಬ್ಬಿ ಕಟ್ಟಿಕೊಂಡು ಹೊರಡಲು ಅರ್ಧ ಗಂಟೆ ಧಾರಾಳ. ಉಳಿದ ಕೆಲಸಕ್ಕೆ ಮನೆಯಲ್ಲಿ ಮೂರು ಜನ ಇದ್ದರು. ಒಬ್ಬರ ಮೊಣಕಾಲು ಬಿಟ್ಟರೆ ಐದು ಕಾಲು, ಆರು ಕೈ ಗಟ್ಟಿಯಾಗಿದ್ದವು.

ಗಡಿಯಾರವನ್ನು ಕೈಗೆತ್ತಿಕೊಂಡಳು. ಅಲಾರಂ ಮುಳ್ಳನ್ನು ಮೂರೂವರೆಯಿಂದ ಮುಂದಕ್ಕೆ, ನಾಲ್ಕರ ಮೇಲೆ ದಾಟಿಸಿ, ನಾಲ್ಕೂಮುಕ್ಕಾಲಿಗೆ ತಂದು ನಿಲ್ಲಿಸಿದಳು. ಈ ಬೀದಿಗೆ ನೀರು ಬಿಡುವ ಹೊತ್ತು. ಆಮೇಲೆ ಕೀಲಿಯನ್ನು ಇನ್ನು ತಿರುಗಲಾರದು ಎನ್ನುವಷ್ಟು ಬಿಗಿಯಾಗಿ ತಿರುಗಿಸಿ, ಮಂಚವನ್ನು ಸುತ್ತಿ ಆ ಕಡೆಗೆ ಹೋಗಿ, ಗಂಡನ ದಿಂಬಿನ ಪಕ್ಕ, ಕಿವಿ ಬರುವ ಜಾಗಕ್ಕೆ ಸರಿಯಾಗಿ ಇಟ್ಟಳು.